ಲಡಾಖಿನ ಚಳಿಯಲ್ಲಿ ಸೊಪ್ಪು ಬೆಳೆದ ಕತೆ

ಸೊಪ್ಪು ಎಂದರೆ ಅಗ್ಗ ಎಂದುಕೊಂಡವರು ನಾವು. ಸುಮಾರು 3,500 ಮೀಟರ್ ಎತ್ತರದ ಲಡಾಖಿನ ಲೇಹ್‌ನಲ್ಲಿ ಹಾಗಿರಲಿಲ್ಲ. ಹಿಮ ಬಿದ್ದು ಜೋಜಿಲಾ ದಾರಿ ಮುಚ್ಚಿದರೆ ತಿಂಗಳುಗಟ್ಟಲೆ ತರಕಾರಿ ಲಾರಿ ಬರುತ್ತಿರಲಿಲ್ಲ. ಒಣಗಿಸಿದ ಸೊಪ್ಪು, ಗುಂಡಿಯಲ್ಲಿ ಹೂತಿಟ್ಟ ಗೆಡ್ಡೆಗಳೇ ಗತಿ.

1962ರಲ್ಲಿ ಅಲ್ಲಿ ರಕ್ಷಣಾ ಇಲಾಖೆಯ ಕೃಷಿ ಪ್ರಯೋಗಾಲಯ ಶುರುವಾಯಿತು. ಗುಂಡಿ ತೋಡಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಸೊಪ್ಪು ಬೆಳೆಯುವುದನ್ನು ಹಳ್ಳಿಗಳಿಗೆ ಕಲಿಸಿತು. ಆಮೇಲೆ ಮಣ್ಣಿನ ಇಟ್ಟಿಗೆಯ ಹಸಿರುಮನೆ ಬಂತು. ಮೂರು ಕಡೆ ದಪ್ಪ ಗೋಡೆ, ದಕ್ಷಿಣಕ್ಕೆ ಇಳಿಜಾರು ಪ್ಲಾಸ್ಟಿಕ್. ಗೋಡೆ ಹಗಲಿನ ಬಿಸಿಲು ಕುಡಿದು ರಾತ್ರಿ ಕಾವು ಬಿಡುತ್ತದೆ. ಸೌದೆ ಬೇಡ, ಕರೆಂಟು ಬೇಡ. ಹೊರಗೆ ನೀರು ಹೆಪ್ಪುಗಟ್ಟುವ ಫೆಬ್ರವರಿಯಲ್ಲೂ ಒಳಗೆ ಪಾಲಕ್, ಕೊತ್ತಂಬರಿ ಕೊಯ್ಲು. ಮನೆಗಾಗಿ ಮಿಕ್ಕದ್ದು ಪೇಟೆಗೆ ಹೋಗಿ ಹೆಂಗಸರ ಕೈಗೆ ಕಾಸೂ ಬಂತು.

ಹೊಸದಾಗಿ ಬಂದದ್ದು ಪ್ಲಾಸ್ಟಿಕ್ ಹಾಳೆ. ಮಣ್ಣು, ಬಿಸಿಲು ಮೊದಲಿನಿಂದಲೂ ಅಲ್ಲೇ ಇದ್ದವು.