ಸಹಕಾರ ಬ್ಯಾಂಕ್ ಹಾಗೂ ಪತ್ತಿನ ಸಹಕಾರ ಸಂಘಗಳ ಠೇವಣಿದಾರರಿಗೆ ಮಾರ್ಗದರ್ಶಿ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಬಡಾವಣೆಗಳಲ್ಲಿ ಅನೇಕ ನಿವೃತ್ತರು ಹಾಗೂ ಹಿರಿಯ ನಾಗರಿಕರು ತಮ್ಮ ಉಪದಾನ ಮತ್ತು ಭವಿಷ್ಯ ನಿಧಿಯ ಹಣವನ್ನು ಸಹಕಾರ ಬ್ಯಾಂಕುಗಳಲ್ಲಿ, ಪತ್ತಿನ ಸಹಕಾರ ಸಂಘಗಳಲ್ಲಿ ಠೇವಣಿ ಇರಿಸುತ್ತಾರೆ. ಈ ಎರಡು ಬಗೆಯ ಸಂಸ್ಥೆಗಳಲ್ಲಿನ ಹಣಕ್ಕೆ ದೊರೆಯುವ ರಕ್ಷಣೆ ಒಂದೇ ತೆರನಾಗಿರುವುದಿಲ್ಲ. ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಬ್ಯಾಂಕ್ ಮತ್ತು ಸಂಘದ ವ್ಯತ್ಯಾಸ

ಪಟ್ಟಣ ಸಹಕಾರ ಬ್ಯಾಂಕು ಭಾರತೀಯ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದಿರುತ್ತದೆ. ಅದರ ಠೇವಣಿಗಳಿಗೆ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮದ ವಿಮೆ ಉಂಟು. ಬ್ಯಾಂಕಿಂಗ್ ಪರವಾನಗಿ ಇಲ್ಲದೆ, ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959 ಅಥವಾ ಸೌಹಾರ್ದ ಸಹಕಾರಿ ಅಧಿನಿಯಮ, 1997ರ ಅಡಿಯಲ್ಲಿ ನೋಂದಣಿಯನ್ನಷ್ಟೇ ಹೊಂದಿರುವ ಪತ್ತಿನ ಸಂಸ್ಥೆಗಳಿಗೆ ಸದರಿ ವಿಮೆ ಅನ್ವಯಿಸುವುದಿಲ್ಲ.

2. ವಿಮೆಯ ಮಿತಿ

1993ರಿಂದ 1 ಲಕ್ಷ ರೂ. ಇದ್ದ ಮಿತಿಯನ್ನು 2020ರ ಫೆಬ್ರುವರಿ 4ರಿಂದ 5 ಲಕ್ಷ ರೂ.ಗೆ ಹೆಚ್ಚಿಸಲಾಯಿತು. ಅಸಲು ಮತ್ತು ಬಡ್ಡಿ ಎರಡೂ ಈ ಮಿತಿಯೊಳಗೇ ಸೇರುತ್ತವೆ. ಉದಾಹರಣೆಗೆ, ಅಸಲು 4,80,000 ರೂ. ಮತ್ತು ಬಡ್ಡಿ 40,000 ರೂ. ಇದ್ದಲ್ಲಿ, 20,000 ರೂ. ವಿಮೆಯ ಹೊರಗುಳಿಯುತ್ತದೆ. ಒಂದೇ ಬ್ಯಾಂಕಿನ ಹಲವು ಶಾಖೆಗಳಲ್ಲಿ ಒಬ್ಬರ ಹೆಸರಿನಲ್ಲಿರುವ ಠೇವಣಿಗಳನ್ನು ಒಟ್ಟುಗೂಡಿಸಲಾಗುವುದು; ಬೇರೆ ಬೇರೆ ಬ್ಯಾಂಕುಗಳಲ್ಲಿರುವವನ್ನು ಪ್ರತ್ಯೇಕವಾಗಿ ಪರಿಗಣಿಸಲಾಗುವುದು. ವಿಮಾ ಕಂತನ್ನು ಬ್ಯಾಂಕೇ ಭರಿಸುತ್ತದೆ.

3. ಬಸವನಗುಡಿಯ ಪ್ರಕರಣ

2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ನಿಯಮಿತದ ಮೇಲೆ ನಿರ್ಬಂಧ ವಿಧಿಸಿ, ಹಣ ಹಿಂಪಡೆಯುವ ಮಿತಿಯನ್ನು ಪ್ರತಿ ಠೇವಣಿದಾರರಿಗೆ 35,000 ರೂ.ಗೆ ಸೀಮಿತಗೊಳಿಸಿತು. ಬಡ್ಡಿಯ ಆದಾಯದಿಂದಲೇ ಔಷಧ ಹಾಗೂ ಮನೆವೆಚ್ಚ ನಿಭಾಯಿಸುತ್ತಿದ್ದ ಹಿರಿಯರು ಸಂಕಷ್ಟಕ್ಕೆ ಒಳಗಾದರು. ಅಂದಿನ ಕಾನೂನಿನಂತೆ ನಿರ್ಬಂಧದ ಅವಧಿಯಲ್ಲಿ ವಿಮಾ ಹಣ ದೊರೆಯುತ್ತಿರಲಿಲ್ಲ. 2021ರ ತಿದ್ದುಪಡಿಯು, ಇಂತಹ ನಿರ್ಬಂಧ ಜಾರಿಯಾದ 90 ದಿನಗಳೊಳಗೆ ವಿಮಾ ಹಣ ಪಾವತಿಸಲು ಅವಕಾಶ ಕಲ್ಪಿಸಿತು. ಆದಾಗ್ಯೂ 5 ಲಕ್ಷ ರೂ. ಮೀರಿದ ಮೊತ್ತಕ್ಕೆ ವಿಮೆಯ ರಕ್ಷಣೆ ಇಲ್ಲ.

4. ಠೇವಣಿ ಇರಿಸುವ ಮುನ್ನ

ಅ) ಸಂಸ್ಥೆಯು ರಿಸರ್ವ್ ಬ್ಯಾಂಕಿನ ಪರವಾನಗಿ ಹಾಗೂ ಠೇವಣಿ ವಿಮೆ ಹೊಂದಿದೆಯೇ ಎಂದು ವಿಚಾರಿಸುವುದು.
ಆ) ಜೀವಮಾನದ ಉಳಿತಾಯವನ್ನು ಒಂದೇ ಸಂಸ್ಥೆಯಲ್ಲಿ ಇರಿಸದಿರುವುದು.
ಇ) ಬಡ್ಡಿ ದರವು ಇತರೆ ಬ್ಯಾಂಕುಗಳಿಗಿಂತ ಗಣನೀಯವಾಗಿ ಹೆಚ್ಚಿದ್ದಲ್ಲಿ ಕಾರಣ ತಿಳಿಯುವುದು.
ಈ) ಕನಿಷ್ಠ ಆರು ತಿಂಗಳ ಮನೆವೆಚ್ಚದ ಹಣವನ್ನು ಬೇರೊಂದು ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಇರಿಸುವುದು ಸೂಕ್ತ.
ಉ) ನಾಮನಿರ್ದೇಶನ ಮಾಡಿ, ಠೇವಣಿ ರಸೀದಿಯನ್ನು ಜೋಪಾನವಾಗಿಡುವುದು.
ಊ) ಪರಿಚಿತರ ಶಿಫಾರಸನ್ನೇ ಖಾತರಿ ಎಂದು ಭಾವಿಸದಿರುವುದು.

5. ನಿರ್ಬಂಧ ವಿಧಿಸಲ್ಪಟ್ಟಲ್ಲಿ

ಠೇವಣಿದಾರರು ಗುರುತಿನ ದಾಖಲೆ ಹಾಗೂ ಬೇರೊಂದು ಬ್ಯಾಂಕಿನ ಖಾತೆಯ ವಿವರಗಳೊಂದಿಗೆ ವಿಮಾ ಹಣ ಪಡೆಯಲು ತಮ್ಮ ಒಪ್ಪಿಗೆಯನ್ನು ನಿರ್ಬಂಧಿತ ಬ್ಯಾಂಕಿಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ವಿಮಾ ನಿಗಮವು ಠೇವಣಿದಾರರಿಂದ ನೇರವಾಗಿ ಅರ್ಜಿ ಸ್ವೀಕರಿಸುವುದಿಲ್ಲ. ಬ್ಯಾಂಕು ಸಲ್ಲಿಸುವ ಪಟ್ಟಿಯನ್ನು ಆಧರಿಸಿ ಹಣ ಪಾವತಿಸುತ್ತದೆ. ಆದ್ದರಿಂದ ಮಧ್ಯವರ್ತಿಗಳಿಗೆ ಹಣ ನೀಡಬಾರದು.

6. ಸಂಘಗಳ ಠೇವಣಿದಾರರಿಗೆ

ಅವಧಿ ಮುಗಿದರೂ ಸಂಘವು ಹಣ ಹಿಂತಿರುಗಿಸದಿದ್ದಲ್ಲಿ, ಮೊದಲು ಸಂಘಕ್ಕೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ನಂತರ ರಸೀದಿಯ ಪ್ರತಿಯೊಂದಿಗೆ ಸಹಕಾರ ಸಂಘಗಳ ನಿಬಂಧಕರ ಕಚೇರಿಗೆ ದೂರು ನೀಡಬಹುದು. 1959ರ ಅಧಿನಿಯಮದ 70ನೇ ಪ್ರಕರಣದಡಿ ಸದಸ್ಯರು ದಾವೆ ಹೂಡಲು ಅವಕಾಶವಿದೆ.