ಮುಳುಗೋ ಕಂಪನಿ ಯಾಕ ತಗೋತಾರ್ರೀ?

ಖಾನಾಪುರದಲ್ಲೊಂದು ಮದುವೆ. ಊಟ ಮುಗಿಸಿ ಕೂತಿದ್ದೆ. ಪಕ್ಕಕ್ಕೆ ಬಂದು ಕೂತವರು ಅಲ್ಲಿನ ಫೋಟೋಗ್ರಾಫರ್ ಕಾಕಾ. ರೀಲ್ ಹಾಕಿ ಫೋಟೋ ತೆಗೆಯೋ ಕಾಲದಿಂದ ಈ ಕೆಲಸದಲ್ಲಿದ್ದವರು. ಈಗ ಡ್ರೋನ್ ಹಾರಿಸೋದು ಮಗನ ಕೆಲಸ, ಕಾಕಾ ಬರೀ ಸ್ಟ್ಯಾಂಡ್ ಹಿಡೀತಾರೆ. ಟಿವಿಯವನು ಸಿಕ್ಕ ಅಂತ ಒಂದು ಪ್ರಶ್ನೆ ಇಟ್ಟರು.

"ಸರ್ರ, ನೀವು ಇಂಜಿನಿಯರಿಂಗ್ ಓದಿದವ್ರು. ಒಂದ್ ಮಾತ್ ಹೇಳ್ರಿ. ಮೊಬೈಲ್ ಬಂದ್ ಮ್ಯಾಲ ಕ್ಯಾಮೆರಾ ಕಂಪನಿಗೋಳು ಮುಳುಗ್ಯಾವು ಅಂತೀರಿ. ಮತ್ತ ಅಂಥಾ ಮುಳುಗೋ ಕಂಪನಿ ರೊಕ್ಕ ಕೊಟ್ಟು ಯಾಕ ತಗೋತಾರ್ರೀ? ಅವ್ರಿಗೆ ಬುದ್ಧಿ ಇಲ್ಲೇನ?"

ನಾನು ನಕ್ಕು ಏನೋ ಒಂದು ಹೇಳಿ ಎದ್ದೆ. ಆದ್ರೆ ಬೆಳಗಾವಿ ತಲುಪೋವರೆಗೂ ಆ ಪ್ರಶ್ನೆ ಬಿಡಲಿಲ್ಲ. ವೀಕ್ಷಕರೇ, ಇವತ್ತು ಆ ಕಾಕಾಗೆ ಉತ್ತರ ಕೊಡೋಣ. ಉತ್ತರ ಜರ್ಮನಿಯಲ್ಲಿ ಶುರುವಾಗುತ್ತೆ, ಅಮೆರಿಕಕ್ಕೆ ಹೋಗುತ್ತೆ, ಕೊನೆಗೆ ನಮ್ಮ ಬೆಳಗಾವಿಯ ಕಿರ್ಲೋಸ್ಕರ್ ರೋಡಿಗೇ ಬಂದು ನಿಲ್ಲುತ್ತೆ.

ಮೊದಲು ಜರ್ಮನಿಯ ವೆಟ್ಸ್ಲಾರ್ ಊರು. ಅಲ್ಲಿ ಲೈಟ್ಸ್ ಅನ್ನೋ ಕುಟುಂಬದ ಕಾರ್ಖಾನೆ, ಮಾಡ್ತಿದ್ದದ್ದು ಸೂಕ್ಷ್ಮದರ್ಶಕ. ಅಲ್ಲಿನ ಕುಶಲಕರ್ಮಿ ಆಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮನ್ನೇ ಬಳಸಿ ಜೇಬಿಗೆ ಹಿಡಿಯುವಂಥ ಒಂದು ಪುಟ್ಟ ಕ್ಯಾಮೆರಾ ಮಾಡಿದ. 1925ರಲ್ಲಿ ಅದು ಮಾರುಕಟ್ಟೆಗೆ ಬಂತು. ಹೆಸರು ಲೈಕಾ. ಅಲ್ಲಿವರೆಗೆ ಪೆಟ್ಟಿಗೆ ಹೊತ್ತು, ಸ್ಟ್ಯಾಂಡ್ ಹೂಡಿ ತೆಗೀತಿದ್ದ ಫೋಟೋ ಬೀದಿಗಿಳಿದದ್ದು ಇಂಥ ಕ್ಯಾಮೆರಾದಿಂದ.

ಇಷ್ಟು ದೊಡ್ಡ ಹೆಸರು ಬಿದ್ದದ್ದು ಹೇಗೆ? ಡಿಜಿಟಲ್ ಬಂದಾಗ ಲೈಕಾ ತಡಮಾಡಿತು. 1996ರಲ್ಲಿ ಶೇರು ಮಾರುಕಟ್ಟೆಗೆ ಬಂದಿದ್ದ ಕಂಪನಿಯಲ್ಲಿ 2000ದಲ್ಲಿ ಫ್ರಾನ್ಸಿನ ಶ್ರೀಮಂತ ಬ್ರ್ಯಾಂಡ್ ಎರ್ಮೆಸ್ ಹಣ ಹಾಕಿತು. ಆದ್ರೂ ನಷ್ಟ ನಿಲ್ಲಲಿಲ್ಲ. ಜರ್ಮನಿಯಲ್ಲಿ ಒಂದು ಕಾನೂನಿದೆ: ಶೇರು ಬಂಡವಾಳದ ಅರ್ಧ ಕರಗಿದರೆ ಆಡಳಿತದವರು ಸುಮ್ಮನಿರುವಂತಿಲ್ಲ, ಶೇರುದಾರರ ಸಭೆ ಕರೆದು ಹೇಳಲೇಬೇಕು. 2005ರಲ್ಲಿ ಲೈಕಾಗೆ ಆ ಗತಿ ಬಂತು. ಬ್ಯಾಂಕುಗಳು ಸಾಲದ ಮಿತಿಗೆ ಕತ್ತರಿ ಹಾಕಿದವು. ಅಂದ್ರೆ, ಮುಂದಿನ ತಿಂಗಳ ಸಂಬಳ ಎಲ್ಲಿಂದ ಅನ್ನೋ ಪರಿಸ್ಥಿತಿ.

ಆಗ ಮುಂದೆ ಬಂದವರು ಆಂಡ್ರಿಯಾಸ್ ಕೌಫ್ಮನ್. ದೊಡ್ಡ ಬ್ಯಾಂಕರ್ ಅಲ್ಲ. ವರ್ಷಗಟ್ಟಲೆ ಶಾಲೆಯಲ್ಲಿ ಪಾಠ ಹೇಳಿದ ಮೇಷ್ಟ್ರು! ಆಸ್ಟ್ರಿಯಾದ ಕಾಗದ ಉದ್ಯಮದಿಂದ ಬಂದ ಕುಟುಂಬದ ಆಸ್ತಿ ಕೈಯಲ್ಲಿತ್ತು. 2004ರಲ್ಲೇ ಇವರ ಹೂಡಿಕೆ ಸಂಸ್ಥೆ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಶೇರು ಕೊಂಡಿತ್ತು. 2005ರ ಸಭೆಯಲ್ಲಿ ಎರಡು ಕೆಲಸ ಆಯ್ತು. ಒಂದು, ಹಳೇ ಶೇರುಗಳ ಮುಖಬೆಲೆಯನ್ನು ಇಳಿಸಿದರು. ಅಂದ್ರೆ ಹೋದ ಹಣ ಹೋಯ್ತು ಅಂತ ಪುಸ್ತಕದಲ್ಲೇ ಒಪ್ಪಿಕೊಂಡರು. ಎರಡು, ಹೊಸ ಶೇರು ಹೊರಡಿಸಿ ಹೊಸ ಹಣ ತಂದರು. ಹಳೆಯ ಗಾಯ ತೊಳೆಯದೆ ಹೊಸ ಪಟ್ಟಿ ಕಟ್ಟಿದರೆ ಕೀವಾಗುತ್ತಲ್ಲ, ಹಾಗೆ. 2006ರಲ್ಲಿ ಎರ್ಮೆಸ್ ಹೊರಬಿತ್ತು, ಕಂಪನಿಯ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಶೇರು ಕೌಫ್ಮನ್ ಸಂಸ್ಥೆಯ ಕೈಗೆ ಬಂತು.

ಇಲ್ಲಿಗೆ ಕಥೆ ಸುಖಾಂತ್ಯ ಅಂದ್ಕೋಬೇಡಿ. ಅದೇ 2006ರಲ್ಲಿ ಎಂ8 ಅನ್ನೋ ಡಿಜಿಟಲ್ ಕ್ಯಾಮೆರಾ ಬಂತು. ಕೆಲವು ಕಪ್ಪು ಬಟ್ಟೆ ಫೋಟೋದಲ್ಲಿ ನೇರಳೆ ಬಣ್ಣಕ್ಕೆ ತಿರುಗ್ತಿತ್ತು! ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಸೆನ್ಸರ್ ಮುಂದಿನ ಗಾಜು ಸಾಕಷ್ಟು ತಡೀತಿರಲಿಲ್ಲ. ಕೊಂಡವರಿಗೆ ಕಂಪನಿ ಪುಕ್ಕಟೆ ಫಿಲ್ಟರ್ ಹಂಚಬೇಕಾಯ್ತು. ಅವಸರದ ಹೂಡಿಕೆದಾರನಾಗಿದ್ದರೆ ಅವತ್ತೇ ಕಂಪನಿಯನ್ನು ಬಿಡಿಬಿಡಿಯಾಗಿ ಮಾರಿ ಎದ್ದು ಹೋಗ್ತಿದ್ದ. ಮೇಷ್ಟ್ರು ಕಾದರು. 2009ರಲ್ಲಿ ಎಂ9 ಬಂತು, ಕ್ಯಾಮೆರಾ ಪ್ರಿಯರು ಕ್ಯೂ ನಿಂತರು. 2011ರಲ್ಲಿ ಜಗತ್ತಿನ ದೊಡ್ಡ ಹೂಡಿಕೆ ಸಂಸ್ಥೆ ಬ್ಲ್ಯಾಕ್‌ಸ್ಟೋನ್ ಬಂದು ನೂರಕ್ಕೆ 44 ಪಾಲು ಕೊಂಡಿತು. 2014ರಲ್ಲಿ ಕಂಪನಿ ಹುಟ್ಟಿದೂರು ವೆಟ್ಸ್ಲಾರ್‌ಗೆ ವಾಪಸ್ ಬಂತು. ಆಮೇಲೆ ಯಾವ ಮೊಬೈಲು ಕ್ಯಾಮೆರಾವನ್ನು ಮುಳುಗಿಸಿತೋ, ಅದೇ ಮೊಬೈಲ್ ಕಂಪನಿಗಳು, 2016ರಲ್ಲಿ ಹುವಾವೇ, 2022ರಲ್ಲಿ ಶವೋಮಿ, ಲೈಕಾ ಹೆಸರಿಗಾಗಿ ಕೈಜೋಡಿಸಿದವು.

ಈಗ ನಾಣ್ಯದ ಇನ್ನೊಂದು ಮುಖ ನೋಡಿ. ಅಮೆರಿಕದ ಪೋಲರಾಯ್ಡ್. ಬಟನ್ ಒತ್ತಿದರೆ ಕೈಗೇ ಫೋಟೋ ಬರುವ ಕ್ಯಾಮೆರಾ. 1937ರಲ್ಲಿ ಎಡ್ವಿನ್ ಲ್ಯಾಂಡ್ ಕಟ್ಟಿದ ಕಂಪನಿ. 1988ರಲ್ಲಿ ಹೊರಗಿನವರು ನುಂಗಲು ಬಂದಾಗ ತಡೆಯೋಕೆ ಕಂಪನಿ ಸಾಲ ಮಾಡಿ ದೊಡ್ಡ ಪಾಲನ್ನು ನೌಕರರ ಹೆಸರಿಗೆ ಮಾಡಿತು. ಅದಕ್ಕಾಗಿ ನೌಕರರು ಸಂಬಳದಲ್ಲಿ ಒಂದು ಪಾಲು ಬಿಟ್ಟುಕೊಟ್ಟರು. ಕಂಪನಿ ನಮ್ಮದು ಅಂತ ನಂಬಿದರು. 2001ರಲ್ಲಿ ಪೋಲರಾಯ್ಡ್ ದಿವಾಳಿ ಎದ್ದಿತು. ನೌಕರರ ಶೇರು ರದ್ದಿ ಕಾಗದ ಆಯ್ತು.

2002ರಲ್ಲಿ ಒನ್ ಇಕ್ವಿಟಿ ಪಾರ್ಟ್ನರ್ಸ್ ಅನ್ನೋ ಹೂಡಿಕೆ ಸಂಸ್ಥೆ ಸುಮಾರು 25 ಕೋಟಿ ಡಾಲರ್ ವ್ಯವಹಾರದಲ್ಲಿ ಅದನ್ನು ಹಿಡಿಯಿತು. ಮೂರೇ ವರ್ಷ. 2005ರಲ್ಲಿ ಪೀಟರ್ಸ್ ಗ್ರೂಪ್‌ಗೆ ಸುಮಾರು 42.6 ಕೋಟಿ ಡಾಲರ್‌ಗೆ ಮಾರಿ ಕೈತೊಳೆದುಕೊಂಡಿತು. ಹೊಸ ಮಾಲೀಕರಿಗೆ ಬೇಕಿದ್ದದ್ದು ಕ್ಯಾಮೆರಾ ಅಲ್ಲ, ಹೆಸರು. ಯಾರೋ ಮಾಡಿದ ಟಿವಿ, ಡಿವಿಡಿ ಪ್ಲೇಯರ್ ಮೇಲೆಲ್ಲ ಪೋಲರಾಯ್ಡ್ ಅಂತ ಅಂಟಿಸಿ ಮಾರಿದರು. 2008ರಲ್ಲಿ ಫಿಲ್ಮ್ ತಯಾರಿಕೆ ನಿಲ್ಲಿಸ್ತೀವಿ ಅಂತ ಘೋಷಿಸಿದರು. ಅದೇ ವರ್ಷ ಮಾಲೀಕ ಟಾಮ್ ಪೀಟರ್ಸ್ ಭಾರೀ ಹಣಕಾಸು ವಂಚನೆಯಲ್ಲಿ ಅರೆಸ್ಟ್ ಆದ, ಕಂಪನಿ ಎರಡನೇ ಸಲ ದಿವಾಳಿ ಆಯ್ತು. ಅವನಿಗೆ 50 ವರ್ಷ ಜೈಲು ಶಿಕ್ಷೆ.

ಹಾಗಾದ್ರೆ ಫಿಲ್ಮ್ ಉಳಿಸಿದ್ದು ಯಾರು? ನೆದರ್‌ಲ್ಯಾಂಡ್ಸ್‌ನ ಎನ್ಸ್ಖೆಡೆ ಊರಿನ ಫ್ಯಾಕ್ಟರಿಯ ಹಳೇ ಕೆಲಸಗಾರರು ಕೆಲವರು. ಗುಜರಿಗೆ ಹೋಗಬೇಕಿದ್ದ ಯಂತ್ರಗಳನ್ನು ಒಬ್ಬ ಫಿಲ್ಮ್ ಪ್ರೇಮಿಯ ಜೊತೆ ಸೇರಿ ಉಳಿಸಿಕೊಂಡರು. ರಾಸಾಯನಿಕಗಳೇ ಸಿಗುತ್ತಿರಲಿಲ್ಲ, ಸೂತ್ರವನ್ನು ಹೊಸದಾಗಿ ಕಂಡುಕೊಂಡು 2010ರಲ್ಲಿ ಫಿಲ್ಮ್ ತಂದರು. 2017ರಲ್ಲಿ ಆ ಪುಟ್ಟ ಕಂಪನಿಯ ಹಿಂದಿದ್ದವರೇ ಪೋಲರಾಯ್ಡ್ ಹೆಸರನ್ನೂ ಕೊಂಡರು!

ಈಗ ಕಾಕಾ ಪ್ರಶ್ನೆಗೆ ಬರೋಣ. ಮುಳುಗೋ ಕಂಪನಿ ಕೊಳ್ಳುವವರು ಎರಡು ಥರ. ಒಬ್ಬ ದುಡಿಯೋ ಎಮ್ಮೆ ಅಂತ ಕೊಳ್ತಾನೆ. ಸೊರಗಿದೆ, ಮೇವು ಹಾಕಿದರೆ ಹಾಲು ಕೊಡುತ್ತೆ ಅಂತ. ಇನ್ನೊಬ್ಬ ಚರ್ಮದ ಲೆಕ್ಕ ಹಾಕಿ ಕೊಳ್ತಾನೆ. ಹೆಸರು ಎಷ್ಟಕ್ಕೆ ಹೋಗುತ್ತೆ, ಜಾಗ ಎಷ್ಟಕ್ಕೆ, ಯಂತ್ರ ಎಷ್ಟಕ್ಕೆ. ಹಣ ಹೂಡುವ ಜಗತ್ತಿನಲ್ಲಿ ಇನ್ನೂ ಒಂದು ಚಾಣಾಕ್ಷ ವಿದ್ಯೆ ಇದೆ. ಎಮ್ಮೆ ಕೊಳ್ಳೋಕೆ ಅದೇ ಎಮ್ಮೆಯನ್ನು ಒತ್ತೆ ಇಟ್ಟು ಸಾಲ ತರೋದು. ಸಾಲ ತೀರಿಸೋದು ಕೊಂಡವನಲ್ಲ, ಎಮ್ಮೆ. ಹಾಲೆಲ್ಲ ಬಡ್ಡಿಗೇ ಹೋದರೆ ಮೇವಿಗೆ ಏನು ಉಳೀತು? ಅಂದ್ರೆ ಹೊಸ ಯಂತ್ರಕ್ಕೆ, ಹೊಸ ಮಾಡೆಲ್‌ಗೆ, ಹುಡುಗರ ತರಬೇತಿಗೆ? ಇಬ್ಬರಿಗೂ ಬುದ್ಧಿ ಇದೆ ಕಾಕಾ. ಪ್ರಶ್ನೆ ಇರೋದು ತಾಳ್ಮೆಯದು.

ತಾಳ್ಮೆಯ ಹಣ ಅಂದ್ರೆ ಏನು ಅಂತ ಬೆಳಗಾವಿಗೆ ಜರ್ಮನಿಯವರು ಬಂದು ಹೇಳಬೇಕಿಲ್ಲ. ನಮ್ಮ ಜಿಲ್ಲೆಯ ಗುರ್ಲಹೊಸೂರಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕೂಡ ಮೇಷ್ಟ್ರೇ. ಮುಂಬೈಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳ್ತಿದ್ದವರು. 1888ರಲ್ಲಿ ಬೆಳಗಾವಿಯಲ್ಲಿ ಅಣ್ಣನ ಜೊತೆ ಶುರುವಾದ ಸೈಕಲ್ ಅಂಗಡಿ, ಆಮೇಲೆ ಮೇವು ಕತ್ತರಿಸೋ ಯಂತ್ರ, 1903ರ ಹೊತ್ತಿಗೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಅಂತ ರೈತರು ಹತ್ತಿರ ಬರಲಿಲ್ಲ. ನೇಗಿಲು ಮಾರಾಟ ಆಗೋಕೆ ವರ್ಷಗಳೇ ಬೇಕಾದವು. ಇನ್ನೇನು ಕೈ ಹಿಡೀತು ಅನ್ನುವಾಗ, ಊರಿನ ಹೊಸ ಬಡಾವಣೆಗೆ ಜಾಗ ಬೇಕು ಅಂತ ಕಾರ್ಖಾನೆಯನ್ನು ಎಬ್ಬಿಸಿದರು.

ಜಾಗ ಹೋಯ್ತು, ಕೈಯಲ್ಲಿ ಹಣ ಇಲ್ಲ. ಆಗ ಕೈ ಹಿಡಿದವರು ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಕುಂಡಲ್ ರೋಡ್ ಸ್ಟೇಷನ್ ಪಕ್ಕ ಜಾಗ ಕೊಟ್ಟರು, ಸಾಲ ಕೊಟ್ಟರು. ಕಳ್ಳಿ ಬೆಳೆದ, ಹಾವು ಓಡಾಡೋ ಬಂಜರು. 1910ರಲ್ಲಿ ಕೆಲಸಗಾರರು ಸಂಸಾರ ಸಮೇತ ಅಲ್ಲಿಗೆ ಹೋದರು. ಅದೇ ಇವತ್ತಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರ್‌ವಾಡಿ. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿ ಆಯ್ತು. ನೇಗಿಲಿನ ಕಂಪನಿ ಪಂಪು, ಇಂಜಿನ್, ಮೋಟರುಗಳ ದೊಡ್ಡ ಮನೆತನ ಆಯ್ತು. ಬೆಳಗಾವಿಗೆ ಉಳಿದದ್ದು? ಒಂದು ರಸ್ತೆಯ ಹೆಸರು.

ಇದು ಬರೀ ಹಳೇ ಕಥೆ ಅಲ್ಲ. ಉದ್ಯಮಬಾಗಕ್ಕೆ ಹೋಗಿ ನೋಡಿ. ಫೌಂಡ್ರಿಗಳು, ಮಷೀನ್ ಶಾಪ್‌ಗಳು. ಅಪ್ಪ ಕಟ್ಟಿದ್ದು, ಮಗ ನಡೆಸ್ತಿರೋದು. ಇಂಜಿನ್ ಬಿಡಿಭಾಗ ಎರಕ ಹೊಯ್ಯೋರಿಗೆ ಎಲೆಕ್ಟ್ರಿಕ್ ಗಾಡಿ ಬಂದಿರೋದು, ಫಿಲ್ಮ್ ಕಂಪನಿಗೆ ಡಿಜಿಟಲ್ ಬಂದ ಹಾಗೇ. ಖಾನಾಪುರದ ಕೆಂಪು ಮಣ್ಣಿನ ಹೆಂಚಿನ ಭಟ್ಟಿಗೆ ಸಿಮೆಂಟು, ತಗಡು ಬಂದ ಹಾಗೇ. ನಾಳೆ ಇವರಲ್ಲಿ ಯಾರದೋ ಬಾಗಿಲಿಗೆ ಸೂಟು ಹಾಕಿದವರು ಬಂದು "ಕಂಪನಿ ಕೊಡ್ತೀರಾ?" ಅಂತ ಕೇಳಬಹುದು. ಕೇಳಿದರೆ ತಪ್ಪಿಲ್ಲ. ಮಾರಿದರೂ ತಪ್ಪಿಲ್ಲ, ಲೈಕಾ ಬದುಕಿದ್ದೇ ಮಾರಾಟದಿಂದ.

ಆದ್ರೆ ಸಹಿ ಹಾಕೋ ಮೊದಲು ಮೂರು ಪ್ರಶ್ನೆ ಕೇಳಿ. ಕೊಳ್ಳೋ ಹಣ ನಿಮ್ಮದೋ, ಇಲ್ಲ ನನ್ನ ಕಂಪನಿಯ ತಲೆ ಮೇಲೆ ಹೊರಿಸೋ ಸಾಲವೋ? ಮೊದಲ ಮಾಡೆಲ್ ಕೆಟ್ಟರೆ ಎಷ್ಟು ವರ್ಷ ಕಾಯ್ತೀರಿ? ನೀವು ಹೊರಡೋ ದಿನ ನನ್ನ ಕೆಲಸಗಾರರ ಪಾಲಿಗೆ ಏನು ಉಳಿಯುತ್ತೆ?

ಮೂರಕ್ಕೂ ನೇರ ಉತ್ತರ ಕೊಟ್ಟವನಿಗೆ ಚಹಾ ಕೊಡಿ, ಮಾತು ಮುಂದುವರಿಸಿ. ಉಳಿದವರಿಗೆ ಕಿರ್ಲೋಸ್ಕರ್ ರೋಡಿನ ದಾರಿ ತೋರಿಸಿ. ಒಂದು ಕಾರ್ಖಾನೆ ಎದ್ದು ಹೋದರೆ ಊರಿಗೆ ಏನು ಉಳಿಯುತ್ತೆ ಅನ್ನೋದು ಅಲ್ಲಿ ಬೋರ್ಡಿನ ಮೇಲೇ ಬರೆದಿದೆ.