ಹೆರಿಗೆ ಅಂತರ, ಹದಿಹರೆಯದ ತಾಯಂದಿರಲ್ಲಿ

ಇಪ್ಪತ್ತು ತುಂಬುವ ಮೊದಲೇ ತಾಯಿಯಾದವರಿಗೆ ಎರಡನೆಯ ಬಸಿರನ್ನು ಮುಂದೂಡಲು ನೆರವಾಗುವ ಕುಟುಂಬ ಯೋಜನಾ ಸೇವೆ. ಹೆರಿಗೆಯಾಗಿ ಕನಿಷ್ಠ 24 ತಿಂಗಳು ಮತ್ತೆ ಗರ್ಭ ಧರಿಸದಿರುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೇಗ ಬಸಿರಾದರೆ ರಕ್ತಹೀನತೆ, ಅವಧಿಪೂರ್ವ ಹೆರಿಗೆ, ಕಡಿಮೆ ತೂಕದ ಶಿಶುವಿನ ಸಾಧ್ಯತೆ ಹೆಚ್ಚು. ಕರ್ನಾಟಕದ ಸರ್ಕಾರಿ ವ್ಯವಸ್ಥೆಯಲ್ಲಿ ಹೆರಿಗೆಯ 48 ಗಂಟೆಯೊಳಗೆ ಅಳವಡಿಸುವ ಕಾಪರ್-ಟಿ, 3 ತಿಂಗಳಿಗೊಮ್ಮೆ ಕೊಡುವ 'ಅಂತರಾ' ಚುಚ್ಚುಮದ್ದು ಹಾಗೂ 'ಛಾಯಾ' ಮಾತ್ರೆ ಉಚಿತ. ಛಾಯಾವನ್ನು ಮೊದಲ 3 ತಿಂಗಳು ವಾರಕ್ಕೆರಡು, ಅನಂತರ ವಾರಕ್ಕೊಂದರಂತೆ ನುಂಗಬೇಕು. ಅದರಲ್ಲಿ ಹಾರ್ಮೋನು ಇಲ್ಲದ್ದರಿಂದ ಎದೆಹಾಲುಣಿಸುವವರಿಗೂ ಸಲ್ಲುತ್ತದೆ. ಬೆಳ್ತಂಗಡಿ ತಾಲ್ಲೂಕಿನ ಮಡಂತ್ಯಾರಿನಂಥ ಊರುಗಳಲ್ಲಿ ಈ ಮಾಹಿತಿ ಮನೆಗೆ ಮುಟ್ಟುವುದು ಆಶಾ ಕಾರ್ಯಕರ್ತೆಯ ಮೂಲಕ. ಬಾಣಂತನ ಮುಗಿಸಿ ತವರಿನಿಂದ ಗಂಡನ ಮನೆಗೆ ಮರಳುವಾಗ ಮುಂದಿನ ಚುಚ್ಚುಮದ್ದು ತಪ್ಪುವುದುಂಟು. 18 ತುಂಬದವರ ಬಸಿರನ್ನು 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಬೇಕಾದ್ದರಿಂದ, ಸೇವೆ ಹೆಚ್ಚು ಅಗತ್ಯವಿರುವವರೇ ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತಾರೆ.